ಜವೆ ಗೋಧಿಯ ಜಾತಕ: ಪುಣೆಯ ಖಪಲಿ, ತುಕ್ಕು ರೋಗ ಮತ್ತು ಉದ್ದ ಓದಿನ ಯಂತ್ರ

ಇವತ್ತಿನ ಮಾತು ಒಂದು ಕಾಳಿನ ಬಗ್ಗೆ. ಪುಣೆಯಲ್ಲಿ ಯಾವ ದೊಡ್ಡ ಕಿರಾಣಿ ಅಂಗಡಿಗೆ ಹೋದರೂ ಈಗ ಒಂದು ಪೊಟ್ಟಣ ಕಣ್ಣಿಗೆ ಬೀಳತ್ತೆ. ಮೇಲೆ ‘ಖಪಲಿ ಆಟಾ’ ಅಂತ ಬರೆದಿರತ್ತೆ, ಪಕ್ಕದ ಮಾಮೂಲಿ ಗೋಧಿ ಹಿಟ್ಟಿಗಿಂತ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆಯವರು ಆ ಪೊಟ್ಟಣ ಬಿಚ್ಚಿ ನೋಡಿದರೆ ನಗಬಹುದು. ಯಾಕಂದ್ರೆ ಅದು ಅವರ ಮನೆಯ ಜವೆ ಗೋಧಿ. ಕೆಲವು ಊರಲ್ಲಿ ಅದನ್ನೇ ಸದಕ ಅಂತಾರೆ. ಹಬ್ಬಕ್ಕೆ ಹುಗ್ಗಿ ಮಾಡೋದು, ಮಾದಲಿ ಮಾಡೋದು, ಶಾವಿಗೆ ಹೊಸೆಯೋದು ಇದರಿಂದಲೇ. ಗಡಿಯ ಆಚೆ ಸಾಂಗ್ಲಿ, ಕೊಲ್ಲಾಪುರ, ಸಾತಾರಾದಲ್ಲಿ ಅದೇ ಕಾಳು ಖಪಲಿ ಆಗಿ ಖೀರಿಗೆ ಬೀಳತ್ತೆ.

ವಿಜ್ಞಾನಿಗಳು ಇದಕ್ಕೆ ಟ್ರಿಟಿಕಮ್ ಡೈಕಾಕಮ್ ಅಂತಾರೆ. ಇಂಗ್ಲಿಷಿನಲ್ಲಿ ಎಮ್ಮರ್. ಈ ಖಪಲಿ ಅನ್ನೋ ಹೆಸರು ನೂರು ವರ್ಷಕ್ಕೂ ಹಿಂದೆಯೇ ಅಮೆರಿಕದ ಪ್ರಯೋಗಾಲಯಕ್ಕೆ ಹೋಯಿತು, ಅಲ್ಲಿಂದ ಆಸ್ಟ್ರೇಲಿಯಾಕ್ಕೆ, ಸ್ವಿಟ್ಜರ್ಲೆಂಡಿಗೆ. ಅಲ್ಲೆಲ್ಲ ಅದರೊಳಗಿನ ಒಂದೊಂದೇ ಜೀನನ್ನು ಹೊರಗೆ ತೆಗೆದರು. ಆದರೆ ಅದರ ಇಡೀ ಪುಸ್ತಕ, ಅಂದರೆ ಪೂರ್ತಿ ಜೀನೋಮ್ ಓದುವಷ್ಟು ಕಸುವು ವಿಜ್ಞಾನಕ್ಕೆ ಬಂದದ್ದು ತೀರಾ ಈಚೆಗೆ. ಆ ಕಥೆ ಹೇಳ್ತೀನಿ. ಸ್ವಲ್ಪ ಸುತ್ತು ದಾರಿ, ಜೊತೆಗೆ ಬನ್ನಿ.

ಮೊದಲು ಕಾಳನ್ನೇ ನೋಡೋಣ. ಮಾಮೂಲಿ ಗೋಧಿಯ ತೆನೆ ಬಡಿದರೆ ಕಾಳು ಬರಿಮೈಯಲ್ಲಿ ಉದುರತ್ತೆ. ಜವೆ ಗೋಧಿ ಹಾಗಲ್ಲ. ಬಡಿದರೆ ತೆನೆ ಗಂಟು ಗಂಟಾಗಿ ಮುರಿಯತ್ತೆ, ಕಾಳು ಹೊಟ್ಟಿನೊಳಗೇ ಕೂತಿರತ್ತೆ. ಒರಳಲ್ಲಿ ಹಾಕಿ ಕುಟ್ಟಬೇಕು. ಹಿಂದೆ ಹೆಂಗಸರ ರಟ್ಟೆ ಸೋತದ್ದು ಇದಕ್ಕೇ, ರೈತರು ಇದನ್ನು ಕೈಬಿಡೋಕೆ ಒಂದು ಕಾರಣವೂ ಇದೇ. ಆದರೆ ಆ ಗಟ್ಟಿ ಹೊಟ್ಟು ಕಾಳಿಗೆ ಕವಚ ಕೂಡ ಹೌದು. ಮತ್ತೆ, ಸೆಕೆ ಜಾಸ್ತಿ ಇರುವ ನಮ್ಮ ಬಯಲುಸೀಮೆಯ ಹಿಂಗಾರಿಗೆ ಈ ಬೆಳೆ ಒಗ್ಗಿಕೊಂಡದ್ದು.

ದಖ್ಖನ್ನಿನಲ್ಲಿ ಗೋಧಿ ಎಷ್ಟು ಹಳೆಯದು? ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ, ಇದೇ ಜಿಲ್ಲೆಯ ಶಿರೂರು ತಾಲ್ಲೂಕಿನ ಇನಾಮಗಾಂವ್‌ನಲ್ಲಿ ಅಗೆದರು. ಘೋಡ್ ನದಿಯ ದಂಡೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಹಳ್ಳಿ. ಅಲ್ಲಿ ಸುಟ್ಟು ಕರಕಲಾದ ಬಾರ್ಲಿ ಜಾಸ್ತಿ ಸಿಕ್ಕಿತು, ಗೋಧಿಯೂ ಸಿಕ್ಕಿತು. ನಮ್ಮ ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ಹೊಸ ಶಿಲಾಯುಗದ ನೆಲೆಗಳಲ್ಲೂ ಗೋಧಿ, ಬಾರ್ಲಿಯ ಕಾಳು ಬಂದಿವೆ. ಗೋಧಿ ಇಲ್ಲಿ ಹುಟ್ಟಿದ್ದಲ್ಲ, ಪಶ್ಚಿಮ ಏಷ್ಯಾದಿಂದ ಬಂದದ್ದು. ಎಮ್ಮರಿನ ಕಾಡು ತಳಿಯನ್ನು 1906ರಲ್ಲಿ ಆರನ್ ಆರನ್‌ಸನ್ ಅನ್ನೋ ಸಸ್ಯವಿಜ್ಞಾನಿ ಗಲಿಲೀ ಬೆಟ್ಟಗಳ ರೋಶ್ ಪಿನಾ ಹತ್ತಿರ ಬಂಡೆ ಸಂದಿಯಲ್ಲಿ ಕಂಡ. ಬಂದದ್ದು ಅಲ್ಲಿಂದಲೇ ಆದರೂ ಇಲ್ಲಿ ಸಾವಿರಾರು ವರ್ಷ ಬದುಕಿದೆಯಲ್ಲ, ಅದು ಇಲ್ಲಿನದೇ ಆಗಿಬಿಟ್ಟಿದೆ.

ಈಗ ರೋಗದ ವಿಷಯ. ಗೋಧಿಗೆ ಬರುವ ತುಕ್ಕು ರೋಗವನ್ನು ನಮ್ಮ ಕಡೆ ರೈತರು ಭಂಡಾರ ರೋಗ ಅಂತಾರೆ, ಭಂಡಾರ ಎರಚಿದ ಹಾಗೆ ಕಾಣೋದರಿಂದ. ಮರಾಠಿಯಲ್ಲಿ ತಾಂಬೇರಾ, ತಾಮ್ರದ ಬಣ್ಣ. ಒಂದೇ ರೋಗದಲ್ಲಿ ಒಬ್ಬರಿಗೆ ಅರಿಶಿನ, ಇನ್ನೊಬ್ಬರಿಗೆ ತಾಮ್ರ, ಇಂಗ್ಲಿಷಿನವರಿಗೆ ಕಬ್ಬಿಣದ ತುಕ್ಕು! ಅದರಲ್ಲಿ ಮೂರು ಬಗೆ. ಎಲ್ಲಕ್ಕಿಂತ ಭಯಂಕರ ಕಾಂಡದ ತುಕ್ಕು. ಇದು ಒಂದು ಶಿಲೀಂಧ್ರ. ಬೆಳೆ ಚೆನ್ನಾಗಿ ನಿಂತಿರತ್ತೆ, ಇನ್ನು ಮೂರು ವಾರಕ್ಕೆ ಕೊಯ್ಲು ಅನ್ನುವಾಗ ಕಾಂಡದ ಮೇಲೆ ಕಂದು ಬಣ್ಣದ ಬಿರುಕು ಏಳತ್ತೆ, ಕಾಳು ಸುರುಟಿ ಹೋಗತ್ತೆ.

ಈ ಶಿಲೀಂಧ್ರ ಬೇಸಿಗೆಯಲ್ಲಿ ಎಲ್ಲಿರತ್ತೆ ಅನ್ನೋದು ಬಹಳ ಕಾಲ ಒಗಟಾಗಿತ್ತು. ಏಪ್ರಿಲ್, ಮೇ ತಿಂಗಳ ಬಯಲಿನ ಬಿಸಿಲಿಗೆ ಅದು ಬದುಕಲ್ಲ. ಆಗ್ರಾದ ಕರಮ್ ಚಂದ್ ಮೆಹ್ತಾ ವರ್ಷಗಟ್ಟಲೆ ಬೆನ್ನು ಹತ್ತಿ ಉತ್ತರ ಕಂಡುಕೊಂಡರು. ಬೆಟ್ಟಗಳಲ್ಲಿ. ಉತ್ತರಕ್ಕೆ ಹಿಮಾಲಯ, ದಕ್ಷಿಣಕ್ಕೆ ನೀಲಗಿರಿ, ಪಳನಿ ಬೆಟ್ಟ. ಮುಂದೆ ನಾಗರಾಜನ್ ಮತ್ತು ಜೋಶಿ ಇನ್ನೊಂದು ಹೆಜ್ಜೆ ಹೋಗಿ, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ನೀಲಗಿರಿಯ ತುಕ್ಕಿನ ಬೀಜಕಣಗಳನ್ನು ಹೊತ್ತು ಮಧ್ಯ ಭಾರತದ ಹೊಲಗಳ ಮೇಲೆ ಮಳೆಯ ಜೊತೆ ಇಳಿಸುತ್ತವೆ ಅಂತ ತೋರಿಸಿದರು. ನಕ್ಷೆ ತೆಗೆದು ನೋಡಿ. ನೀಲಗಿರಿಯಿಂದ ಮಧ್ಯ ಭಾರತಕ್ಕೆ ಗೆರೆ ಎಳೆದರೆ ಮೊದಲು ಸಿಗೋದೇ ದಖ್ಖನ್ ಪ್ರಸ್ಥಭೂಮಿ. ಕಾಂಡದ ತುಕ್ಕಿಗೆ ಬಿಸಿ ಹವೆ ಬೇಕು, ಅದೂ ಇಲ್ಲಿದೆ. ಹಾಗಾಗಿ ನನ್ನ ಊಹೆ ಇಷ್ಟು: ಶತಮಾನಗಟ್ಟಲೆ ಈ ನೆಲದಲ್ಲಿ ನಿಂತ ಗೋಧಿ ತಡೆಯೋ ಶಕ್ತಿ ಕಲಿತೇ ನಿಂತದ್ದು. ತಡೆಯದವು ಬೀಜಕ್ಕೆ ಉಳಿಯಲಿಲ್ಲ.

ಊಹೆ ಬಿಡಿ, ದಾಖಲೆಗೆ ಬರೋಣ. ಅಮೆರಿಕದ ಮಿನೆಸೋಟಾದಲ್ಲಿ ಎಲ್ವಿನ್ ಸ್ಟಾಕ್‌ಮನ್ ಅಂತ ಒಬ್ಬ ಸಸ್ಯರೋಗ ತಜ್ಞ. ಮುಂದೆ ನಾರ್ಮನ್ ಬೋರ್ಲಾಗ್‌ಗೆ ಗುರುವಾದವರು ಇವರೇ. 1916ರಲ್ಲಿ ಅಮೆರಿಕದ ಗೋಧಿಯನ್ನು ಕಾಂಡದ ತುಕ್ಕು ಹಾಳು ಮಾಡಿತ್ತು. ತುಕ್ಕಿನಲ್ಲೂ ಜಾತಿಗಳಿವೆ, ಒಂದು ಜಾತಿಯ ತುಕ್ಕು ಒಂದು ಗೋಧಿಯನ್ನು ತಿನ್ನತ್ತೆ, ಇನ್ನೊಂದನ್ನು ಮುಟ್ಟಲ್ಲ ಅಂತ ಸ್ಟಾಕ್‌ಮನ್ ಕಂಡರು. ಜಾತಿ ಗುರುತಿಸೋದು ಹೇಗೆ? 1922ರಲ್ಲಿ ಅವರು ಮತ್ತು ಲೆವಿನ್ ಹನ್ನೆರಡು ಗೋಧಿಗಳ ಒಂದು ಪಟ್ಟಿ ಪ್ರಕಟಿಸಿದರು. ಬಂದ ತುಕ್ಕನ್ನು ಈ ಹನ್ನೆರಡರ ಮೇಲೂ ಹಚ್ಚಿ, ಯಾವುದು ಸೋತಿತು ಯಾವುದು ಗೆದ್ದಿತು ನೋಡಿದರೆ ತುಕ್ಕಿನ ಕುಲ ಗೊತ್ತಾಗತ್ತೆ. ಆ ಹನ್ನೆರಡರಲ್ಲಿ ಒಂದರ ಹೆಸರು, ಹೌದು, ಖಪಲಿ. ಮಾರ್ಕ್ವಿಸ್, ಕಾನ್ರೆಡ್, ಕುಬಾಂಕಾ ಇಂಥ ಹೆಸರುಗಳ ನಡುವೆ ನಮ್ಮ ಸಾಂಗ್ಲಿ ಸಂತೆಯ ಪದ. ದಶಕಗಳ ಕಾಲ ಲೋಕದ ತುಕ್ಕು ಪ್ರಯೋಗಾಲಯಗಳಲ್ಲೆಲ್ಲ ಕುಂಡಗಳಲ್ಲಿ ಖಪಲಿ ಬೆಳೆಯಿತು.

ಅಮೆರಿಕದ ಬೀಜ ಭಂಡಾರದಲ್ಲಿ ಅದರ ಗುರುತು ಸಿಐ 4013. ಒಂದು ಮಾತು ಗಮನಿಸಿ. ಖಪಲಿ ಅನ್ನೋದು ಒಂದು ತಳಿಯ ಹೆಸರಲ್ಲ. ಜೋಳ ಅಂದ ಹಾಗೆ, ಇಡೀ ಬೆಳೆಯ ಹೆಸರು. ಕೊಟ್ಟವನನ್ನು ‘ಇದೇನಪ್ಪಾ?’ ಅಂತ ಕೇಳಿದಾಗ ಅವನು ‘ಖಪಲಿ’ ಅಂದ, ಕೇಳಿದವನು ಬರೆದುಕೊಂಡ. ಆ ಹೆಸರೊಳಗೆ ಊರಿಲ್ಲ, ಹೊಲವಿಲ್ಲ, ಬೀಜ ಉಳಿಸಿದವರಿಲ್ಲ. ಇದು ಈ ಮಾತಿನ ಕೊನೆಗೆ ಮತ್ತೆ ಬರತ್ತೆ.

ಆಸ್ಟ್ರೇಲಿಯಾದ ವಾಟರ್‌ಹೌಸ್ ಖಪಲಿಯನ್ನು ಅಲ್ಲಿನ ಸ್ಟೈನ್‌ವೆಡೆಲ್ ಗೋಧಿಯ ಜೊತೆ ಕೂಡಿಸಿ ಖಪ್‌ಸ್ಟೈನ್ ಅಂತ ತಳಿ ಮಾಡಿದರು. ಅರ್ಧ ಮರಾಠಿ, ಅರ್ಧ ಜರ್ಮನ್ ಹೆಸರು! ಅದರೊಳಗೆ ಕಾಂಡದ ತುಕ್ಕು ತಡೆಯುವ ಮೂರು ಜೀನುಗಳಿವೆ ಅಂತ ಮುಂದೆ ಗುರುತಿಸಿದರು: ಎಸ್‌ಆರ್7ಎ, ಎಸ್‌ಆರ್13, ಎಸ್‌ಆರ್14. 1960ರ ದಶಕದಲ್ಲಿ ಅಮೆರಿಕದ ಬ್ರಿಗಲ್ ಖಪಲಿಯಿಂದಲೇ ಬೂದಿ ರೋಗ ತಡೆಯುವ ಜೀನನ್ನು ಚಾನ್ಸಲರ್ ಗೋಧಿಗೆ ದಾಟಿಸಿದರು. ಅದಕ್ಕೆ ಪಿಎಂ4 ಅಂತ ಹೆಸರಾಯಿತು.

ಜೀನು ಇದೆ ಅಂತ ಗೊತ್ತಾಯಿತು. ಎಲ್ಲಿದೆ? ಏನು ಅದು? ಇಲ್ಲಿಂದ ಕಷ್ಟ ಶುರು.

1918ರಲ್ಲಿ ಜಪಾನಿನ ಸಕಾಮುರಾ ಗೋಧಿಗಳ ಕ್ರೋಮೋಸೋಮ್ ಎಣಿಸಿ ಒಂದು ವಿಚಿತ್ರ ಕಂಡರು. ಕೆಲವು ಗೋಧಿಗೆ 14, ಕೆಲವಕ್ಕೆ 28, ನಾವು ಚಪಾತಿ ಮಾಡುವ ಗೋಧಿಗೆ 42. ಏಳರ ಮಗ್ಗಿ. ಆಮೇಲೆ ಕಿಹಾರಾ ಮತ್ತಿತರರು ಇದರ ಅರ್ಥ ಬಿಡಿಸಿದರು. ಎರಡು ಹುಲ್ಲುಗಳು ಕೂಡಿ, ಇಬ್ಬರದೂ ಪೂರ್ತಿ ಕ್ರೋಮೋಸೋಮ್ ಗಂಟು ಒಂದೇ ಗಿಡದಲ್ಲಿ ಉಳಿದು 28ರ ಗೋಧಿ ಆಯಿತು, ಅದೇ ಎಮ್ಮರ್, ನಮ್ಮ ಜವೆ. ಅದಕ್ಕೆ ಮೂರನೆಯ ಹುಲ್ಲು ಸೇರಿ 42ರದ್ದು. ಗಂಟುಗಳಿಗೆ ಎ, ಬಿ, ಡಿ ಅಂತ ಹೆಸರಿಟ್ಟರು. ಜವೆಯಲ್ಲಿ ಎ ಮತ್ತು ಬಿ, ಚಪಾತಿ ಗೋಧಿಯಲ್ಲಿ ಮೂರೂ. ಅಂದರೆ ಗೋಧಿ ಒಂದು ಅವಿಭಕ್ತ ಕುಟುಂಬ. ಒಂದೇ ಕೆಲಸಕ್ಕೆ ಎರಡು ಮೂರು ಜನ, ಮುಖವೂ ಹೆಚ್ಚು ಕಡಿಮೆ ಒಂದೇ.

ಗಾತ್ರ ಹೇಳ್ತೀನಿ. ಭತ್ತದ ಜೀನೋಮ್ ಸುಮಾರು 39 ಕೋಟಿ ಅಕ್ಷರ. ಮನುಷ್ಯನದು ಸುಮಾರು 310 ಕೋಟಿ. ಜವೆಯದು ಸುಮಾರು 1,200 ಕೋಟಿ, ಚಪಾತಿ ಗೋಧಿಯದು ಸುಮಾರು 1,600 ಕೋಟಿ. ಸಾಮಾನ್ಯ ಪುಸ್ತಕದಲ್ಲಿ ಹತ್ತು ಲಕ್ಷ ಅಕ್ಷರ ಅಂತ ಹಿಡಿಯಿರಿ, ಜವೆ ಗೋಧಿ ಹನ್ನೆರಡು ಸಾವಿರ ಪುಸ್ತಕಗಳ ಗ್ರಂಥಾಲಯ. ಅದರಲ್ಲೂ ತೊಂದರೆ ಗಾತ್ರದ್ದಲ್ಲ. ಚಪಾತಿ ಗೋಧಿಯ ಜೀನೋಮಿನಲ್ಲಿ ನೂರಕ್ಕೆ 85 ಭಾಗ ಪುನರಾವರ್ತನೆ, ಜಿಗಿಯುವ ಡಿಎನ್ಎ ತುಂಡುಗಳು ತಮ್ಮನ್ನೇ ನಕಲು ಮಾಡಿಕೊಳ್ಳುತ್ತ ಎಲ್ಲೆಲ್ಲೋ ಅಂಟಿಕೊಂಡಿವೆ.

ಇದು ಯಾಕೆ ತಲೆನೋವು ಅಂತ ಒಂದು ಭಜನೆ ಪುಸ್ತಕದಿಂದ ಹೇಳಬಹುದು. ನೂರಾರು ಹಾಡು, ಪ್ರತಿ ಹಾಡಿಗೂ ಪಲ್ಲವಿ, ಚರಣ ಆದಮೇಲೆ ಮತ್ತೆ ಅದೇ ಪಲ್ಲವಿ. ಒಂದೇ ಪಲ್ಲವಿ ಹತ್ತು ಹಾಡುಗಳಲ್ಲಿ ಬರತ್ತೆ ಅಂತಲೂ ಇಟ್ಟುಕೊಳ್ಳಿ. ಆ ಪುಸ್ತಕದ ನೂರು ಪ್ರತಿ ತಗೊಂಡು, ಎಲ್ಲವನ್ನೂ ಚೂರು ಚೂರು ಹರಿದು, ಒಂದೊಂದು ಚೂರಲ್ಲಿ ನಾಲ್ಕೈದು ಪದ ಉಳಿಯುವಂತೆ ಮಾಡಿ, ಗೋಣಿಚೀಲದಲ್ಲಿ ಕಲಸಿ, ಈಗ ಪುಸ್ತಕ ಮತ್ತೆ ಜೋಡಿಸಿ ಅಂದರೆ? ಚರಣದ ಚೂರು ಹೇಗೋ ಹೊಂದಿಸಬಹುದು. ಪಲ್ಲವಿಯ ಚೂರು ಕೈಗೆ ಬಂದರೆ ಅದು ಯಾವ ಹಾಡಿನದು, ಎಷ್ಟನೆಯ ಸಲದ್ದು, ಯಾರೂ ಹೇಳಲಾರರು. ಗೋಧಿಯಲ್ಲಿ ಇನ್ನೊಂದು ಗೋಜಲು: ಅದೇ ಪುಸ್ತಕವನ್ನು ಎ ಅನ್ನೋ ಲಿಪಿಕಾರ, ಬಿ ಅನ್ನೋ ಲಿಪಿಕಾರ ಸಣ್ಣ ಸಣ್ಣ ಪಾಠಾಂತರದ ಜೊತೆ ಬರೆದು, ಎರಡನ್ನೂ ಒಂದೇ ಚೀಲಕ್ಕೆ ಹರಿದು ಹಾಕಿದ ಹಾಗೆ.

2005ರ ಆಚೀಚೆ ಬಂದ ಅಗ್ಗದ ಯಂತ್ರಗಳು ಹೀಗೆಯೇ ಓದೋದು. ಒಂದು ಚೂರಿಗೆ ಸುಮಾರು 150 ಅಕ್ಷರ. ಜವೆಯ ಜೀನೋಮನ್ನು ನೂರು ಪಟ್ಟು ಓದಿದರೆ ಎಂಟುನೂರು ಕೋಟಿ ಚೀಟಿ. ಅದೇ ವರ್ಷ, 2005ರಲ್ಲಿ, ಗೋಧಿ ಜೀನೋಮಿಗಾಗಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಅವರ ಉಪಾಯ ಚೆನ್ನಾಗಿತ್ತು: ಇಡೀ ಚೀಲಕ್ಕೆ ಕೈ ಹಾಕೋದು ಬೇಡ, ಕ್ರೋಮೋಸೋಮುಗಳನ್ನೇ ಮೊದಲು ಬೇರೆ ಮಾಡಿ ದೇಶಗಳಿಗೆ ಹಂಚೋಣ. ಭಾರತದ ಪಾಲಿಗೆ ಬಂದದ್ದು 2ಎ ಕ್ರೋಮೋಸೋಮ್. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣ, ದೆಹಲಿಯ ರಾಷ್ಟ್ರೀಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ, ಈ ಮೂರೂ ಕೂಡಿ ಹೊತ್ತರು. 2014ರಲ್ಲಿ ಮೊದಲ ಕರಡು ಬಂತು: 1,020 ಕೋಟಿ ಅಕ್ಷರ, ಆದರೆ ಚಿಂದಿ ಚಿಂದಿ. 2018ರಲ್ಲಿ ಪೂರ್ತಿ ಅನ್ನಬಹುದಾದ ಪ್ರತಿ ಬಂತು. 1,450 ಕೋಟಿ ಅಕ್ಷರ, 1,07,891 ಜೀನು, 20 ದೇಶಗಳ 200ಕ್ಕೂ ಹೆಚ್ಚು ವಿಜ್ಞಾನಿಗಳು, ಹದಿಮೂರು ವರ್ಷ. ಎಮ್ಮರಿನ ಮನೆತನದಲ್ಲಿ ಕಾಡು ಎಮ್ಮರ್ ‘ಜವಿತನ್’ 2017ರಲ್ಲಿ ಇಸ್ರೇಲ್ ನೇತೃತ್ವದಲ್ಲಿ, ಇಟಲಿಯ ಡ್ಯೂರಮ್ ಗೋಧಿ ‘ಸ್ವೇವೊ’ 2019ರಲ್ಲಿ ಬಂದವು. ಇವೆಲ್ಲ ಬಹುಪಾಲು ಸಣ್ಣ ಚೂರುಗಳಿಂದಲೇ, ಅಸಾಧ್ಯ ಜಾಣತನದ ಗಣಿತದಿಂದ ಜೋಡಿಸಿದವು. ಹಾಗಾಗಿ ಎಲ್ಲಿ ಪಲ್ಲವಿ ದಟ್ಟವಾಗಿತ್ತೋ ಅಲ್ಲೆಲ್ಲ ತೂತು.

ಉದ್ದ ಓದು ಅನ್ನೋದು ಬಂದದ್ದು ಇಲ್ಲಿ. ಪ್ಯಾಕ್‌ಬಯೊ ಕಂಪನಿಯ ಯಂತ್ರ 2011ರಲ್ಲಿ ಮಾರುಕಟ್ಟೆಗೆ ಬಂತು. ಸೂಜಿಮೊನೆಗಿಂತ ಎಷ್ಟೋ ಸಣ್ಣ ಕುಳಿಗಳು, ಒಂದೊಂದು ಕುಳಿಯ ತಳದಲ್ಲಿ ಡಿಎನ್ಎ ನಕಲು ಮಾಡುವ ಒಂದೇ ಒಂದು ಕಿಣ್ವ. ಅದು ಅಕ್ಷರ ಸೇರಿಸಿದಾಗಲೆಲ್ಲ ಬಣ್ಣದ ಮಿಂಚು, ಕ್ಯಾಮೆರಾ ಆ ಮಿಂಚನ್ನು ನೋಡ್ತಾ ಹೋಗತ್ತೆ. ಆಕ್ಸ್‌ಫರ್ಡ್ ನ್ಯಾನೊಪೋರ್‌ನವರದು ಬೇರೆ ಉಪಾಯ, 2014ರಿಂದ ಪ್ರಯೋಗಾಲಯಗಳ ಕೈಗೆ ಬಂತು: ಪ್ರೋಟೀನಿನ ಒಂದು ತೂತು, ಅದರೊಳಗೆ ಡಿಎನ್ಎ ಎಳೆಯನ್ನು ಸೂಜಿಗೆ ದಾರ ಪೋಣಿಸಿದಂತೆ ಎಳೆಯೋದು, ವಿದ್ಯುತ್ತಿನ ಏರಿಳಿತದಿಂದ ಅಕ್ಷರ ಗುರುತಿಸೋದು. ಎರಡರಲ್ಲೂ ಒಂದು ಚೂರಿಗೆ ಸಾವಿರಗಟ್ಟಲೆ ಅಕ್ಷರ. ಪಲ್ಲವಿಯ ಹಿಂದಿನ ಚರಣ, ಪಲ್ಲವಿ, ಮುಂದಿನ ಚರಣ, ಮೂರೂ ಒಂದೇ ಚೀಟಿಯಲ್ಲಿ. ಹೊಂದಿಸೋದು ಆಗ ಸಲೀಸು.

ಆದರೆ ಮೊದಮೊದಲು ಈ ಯಂತ್ರಗಳು ತಪ್ಪು ಓದುತ್ತಿದ್ದವು, ನೂರಕ್ಕೆ ಹತ್ತಕ್ಕಿಂತ ಜಾಸ್ತಿ. ಎ, ಬಿ ಲಿಪಿಕಾರರ ಪಾಠಾಂತರ ನೂರಕ್ಕೆ ಕೆಲವೇ ಅಕ್ಷರ ಇರುವಾಗ, ಓದುವವನೇ ಹತ್ತು ತಪ್ಪಿದರೆ ಏನು ಗೊತ್ತಾಗತ್ತೆ? 2017ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಸಾಲ್ಜ್‌ಬರ್ಗ್ ತಂಡ ಎರಡನ್ನೂ ಬೆರೆಸಿತು: ಉದ್ದ ಚೂರು ಚೌಕಟ್ಟಿಗೆ, ಸಣ್ಣ ಚೂರು ತಿದ್ದುಪಡಿಗೆ. 1,534 ಕೋಟಿ ಅಕ್ಷರ ಜೋಡಿಸಿದರು. ಲೇಖನದ ಮೇಲೆ ಇದ್ದದ್ದು ಬರೀ ಆರು ಹೆಸರು! ಇನ್ನೂರು ಜನರ ಕೆಲಸ ಆರು ಜನ ಮಾಡಿಬಿಟ್ಟರು ಅಂತ ಕೆಲವರು ಹೇಳ್ತಾರೆ, ಅದು ಸರಿಯಲ್ಲ. ಆರು ಜನರದ್ದು ಉದ್ದುದ್ದ ಹಾಳೆಗಳ ಕಟ್ಟು, ಒಕ್ಕೂಟದ್ದು ಕ್ರೋಮೋಸೋಮ್ ವಾರು ಪುಟಸಂಖ್ಯೆ ಹಾಕಿದ ಗ್ರಂಥ. ಮುಂದೆ 2021ರಲ್ಲಿ ಒಕ್ಕೂಟದವರೇ ತಮ್ಮ ಪ್ರತಿಯನ್ನು ಉದ್ದ ಓದಿನಿಂದ ತಿದ್ದಿಕೊಂಡರು.

ತಪ್ಪಿನ ಸಮಸ್ಯೆಗೆ ಪರಿಹಾರ 2019ರಲ್ಲಿ. ಡಿಎನ್ಎ ತುಂಡನ್ನು ಬಳೆಯಂತೆ ಸುತ್ತಿ, ಕಿಣ್ವ ಅದರ ಮೇಲೆ ಮತ್ತೆ ಮತ್ತೆ ಸುತ್ತುವಂತೆ ಮಾಡೋದು. ಒಂದೇ ಪದವನ್ನು ಹತ್ತು ಸಲ ಓದಿದರೆ ತಪ್ಪು ತಾನೇ ಕಳಚತ್ತೆ. ಹೈಫೈ ಓದು ಅಂತ ಅದಕ್ಕೆ ಹೆಸರು: 15,000 ಅಕ್ಷರದ ಆಸುಪಾಸು ಉದ್ದ, ಸಾವಿರಕ್ಕೆ ಒಂದಕ್ಕಿಂತ ಕಡಿಮೆ ತಪ್ಪು. ಜವೆಯನ್ನು ಮೂವತ್ತು ಪಟ್ಟು ಓದಿದರೂ ಸುಮಾರು ಎರಡೂವರೆ ಕೋಟಿ ಚೀಟಿ ಅಷ್ಟೇ. ಎಂಟುನೂರು ಕೋಟಿ ಎಲ್ಲಿ, ಎರಡೂವರೆ ಕೋಟಿ ಎಲ್ಲಿ.

ಯಂತ್ರ ಬಂದ ಮಾತ್ರಕ್ಕೆ ಆಗಲ್ಲ. ಉದ್ದ ಓದಬೇಕಾದರೆ ಡಿಎನ್ಎ ಉದ್ದವಾಗಿ ಉಳಿದಿರಬೇಕು. ಎಳೆ ಎಲೆ ಬೇಕು, ಎಷ್ಟೋ ಸಲ ಸಸಿಯನ್ನು ಕತ್ತಲಲ್ಲಿ ಇಟ್ಟು ಪಿಷ್ಟ ಕಡಿಮೆ ಮಾಡ್ತಾರೆ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆಯೋದು. ಆಮೇಲೆ ಕೊಳವೆಯನ್ನು ಜೋರಾಗಿ ಕುಲುಕುವಂತಿಲ್ಲ, ಪಿಪೆಟ್ಟಿನ ತುದಿ ಅಗಲ ಇರಬೇಕು, ಇಲ್ಲದಿದ್ದರೆ ಎಳೆ ಹರಿಯತ್ತೆ. ಶಾವಿಗೆ ಒಣಹಾಕೋರ ಕೈ ಬೇಕು ಇದಕ್ಕೆ.

ಫಲ ಏನು? ತುಕ್ಕು ತಡೆಯುವ ಜೀನುಗಳ ಸ್ವಭಾವ ನೋಡಿ. ಅವು ಒಂಟಿಯಾಗಿ ಇರಲ್ಲ, ಒಂದರ ಪಕ್ಕ ಒಂದು, ಅಣ್ಣತಮ್ಮಂದಿರಂತೆ ಸಾಲಾಗಿ, ಒಂದನ್ನೊಂದು ಹೋಲುತ್ತ ಕೂತಿರ್ತವೆ. ಅಂದರೆ ಸಣ್ಣ ಚೂರಿನ ಯಂತ್ರ ಮುಗ್ಗರಿಸೋ ಜಾಗದಲ್ಲೇ ನಮಗೆ ಬೇಕಾದದ್ದು ಇದೆ. 2022ರಲ್ಲಿ ಕ್ರಾಟಿಂಗರ್ ತಂಡ ದಕ್ಷಿಣ ಆಫ್ರಿಕಾದ ‘ಕರೀಗಾ’ ಗೋಧಿಯನ್ನು ಹೈಫೈನಿಂದ ಓದಿ ವೈಆರ್27 ಅನ್ನೋ ಜೀನನ್ನು ಬೇರ್ಪಡಿಸಿತು. ಈ ವೈಆರ್27 ನಮಗೆ ಹಳೆಯ ಪರಿಚಯ. ಉತ್ತರ ಭಾರತದ ಲಕ್ಷಾಂತರ ಹೆಕ್ಟೇರಿನಲ್ಲಿ ನಿಂತಿದ್ದ ಪಿಬಿಡಬ್ಲ್ಯು 343 ತಳಿಯನ್ನು ಹಳದಿ ತುಕ್ಕಿನಿಂದ ಕಾಪಾಡುತ್ತಿದ್ದದ್ದು ಇದೇ, ಅದನ್ನು ಮೀರುವ ತುಕ್ಕು ಬಂದಾಗ ಕೈಕೊಟ್ಟದ್ದೂ ಇದೇ. ಅಷ್ಟೊಂದು ನೆಲ ಒಂದು ಜೀನಿನ ಮೇಲೆ ನಿಂತಿದ್ದಾಗ ಆ ಜೀನು ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ ಅನ್ನೋದು ನೆನೆದರೆ ಮೈ ಜುಮ್ ಅನ್ನತ್ತೆ.

ಇನ್ನು ಖಪಲಿಗೆ ಬರೋಣ. 1998ರಲ್ಲಿ ಉಗಾಂಡಾದಲ್ಲಿ ಕಾಂಡದ ತುಕ್ಕಿನ ಹೊಸ ಕುಲ ಕಂಡಿತು, ಯುಜಿ99. ಲೋಕದ ಬಹುಪಾಲು ಗೋಧಿ ಅದಕ್ಕೆ ಸೋಲುತ್ತಿತ್ತು. ಮುದುಕ ಬೋರ್ಲಾಗ್ ಎದ್ದು ನಿಂತು ಕೂಗು ಹಾಕಿದರು. 2007ಕ್ಕೆ ಅದು ಇರಾನಿಗೆ ಬಂದಾಗ ನಮಗೂ ನಿದ್ದೆ ಹೋಯಿತು. ಯಾವ ಹಳೇ ಜೀನು ಇದನ್ನು ತಡೆಯತ್ತೆ ಅಂತ ಹುಡುಕಿದಾಗ ಸಿಕ್ಕ ಕೆಲವೇ ಕೆಲವರಲ್ಲಿ ಎಸ್‌ಆರ್13 ಒಂದು. ಖಪಲಿಯೊಳಗಿನದ್ದು. 2017ರಲ್ಲಿ ಕ್ಯಾಲಿಫೋರ್ನಿಯಾದ ಡುಬ್ಕೋವ್‌ಸ್ಕಿ ಪ್ರಯೋಗಾಲಯ ಅದನ್ನು ಬೇರ್ಪಡಿಸಿ ಪ್ರಕಟಿಸಿತು. ಹಳೆಯ ದಾರಿಯಲ್ಲಿ, ಗಿಡದ ಮೇಲೆ ಗಿಡ ಪರೀಕ್ಷಿಸಿ, ವರ್ಷಗಟ್ಟಲೆ ತಿಣುಕಿ. 6ಎ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ ಅದರ ಜಾಗ. ಅದರಲ್ಲಿ ಮೂರು ಪಾಠಾಂತರ ಇವೆ ಅಂತಲೂ ತೋರಿಸಿದರು. ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು: ಆ ಜೀನು ತಂಪಿಗಿಂತ ಬಿಸಿಯಲ್ಲಿ, 18 ಡಿಗ್ರಿಗಿಂತ 25 ಡಿಗ್ರಿಯಲ್ಲಿ, ಚೆನ್ನಾಗಿ ಕೆಲಸ ಮಾಡತ್ತೆ. ನಮ್ಮ ಬಯಲುಸೀಮೆಯ ಗೋಧಿ ಹೊಲದ ಫೆಬ್ರವರಿ ನೆನಪಾಗಲ್ವಾ? 2021ರಲ್ಲಿ ಜ್ಯೂರಿಕ್‌ನ ಕೆಲ್ಲರ್ ತಂಡ ಪಿಎಂ4 ಬಿಡಿಸಿತು, ಅದೂ ಯಾರೂ ನಿರೀಕ್ಷಿಸದ ಬಗೆಯ ಬೆರಕೆ ಪ್ರೋಟೀನು.

ಪುಣೆಯಲ್ಲಿ ಏನು ನಡೆಯಿತು? 1946ರಲ್ಲಿ ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಆಘಾರಕರ್ ಇಲ್ಲಿ ಮಹಾರಾಷ್ಟ್ರ ವಿಜ್ಞಾನ ವರ್ಧಿನಿ ಕಟ್ಟಿದರು, 1992ರಲ್ಲಿ ಅದು ಆಘಾರಕರ್ ಸಂಶೋಧನಾ ಸಂಸ್ಥೆ ಆಯಿತು. ತಮಾಷೆ ನೋಡಿ, ಆ ಸಂಸ್ಥೆ ಇರೋದು ಗೋಪಾಳ ಗಣೇಶ ಆಗರಕರ್ ರಸ್ತೆಯಲ್ಲಿ. ಇವರು ಬೇರೆ, ಅವರು ಬೇರೆ. ಒಬ್ಬರು ಸಮಾಜ ಸುಧಾರಕ, ಇನ್ನೊಬ್ಬರು ಗಿಡಗಳವರು. ಬಾರಾಮತಿ ತಾಲ್ಲೂಕಿನ ಹೋಳ್‌ನಲ್ಲಿ ಅವರ ಗೋಧಿ ಹೊಲ. ಅಲ್ಲಿಂದ ಬಂದ ತಳಿಗಳಿಗೆಲ್ಲ ಸಂಸ್ಥೆಯ ಹಳೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರ, ಮ್ಯಾಕ್ಸ್. ಖಪಲಿಯಲ್ಲಿ ಗಿಡ್ಡ ತಳಿ ಮ್ಯಾಕ್ಸ್ 2971 ಇವರದ್ದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು ಡಿಡಿಕೆ 1009, 1025, 1029. ಹಳೆಯ ಜವೆ ಎತ್ತರ ಬೆಳೆದು, ನೀರು ಗೊಬ್ಬರ ಜಾಸ್ತಿಯಾದರೆ ಮಲಗಿಬಿಡುತ್ತಿತ್ತು. ಈ ಎರಡು ಊರು ಇಲ್ಲದಿದ್ದರೆ ಪೊಟ್ಟಣದ ಖಪಲಿ ಇರುತ್ತಿರಲಿಲ್ಲ.

ಅಲ್ಲಿನ ವಿಜ್ಞಾನಿಗಳು ಜೀನು ಹುಡುಕುವ ಕೆಲಸವನ್ನೂ ಮಾಡಿದರು. 2008ರಲ್ಲಿ ಪಾಟೀಲ, ಓಕ್, ತಾಮ್ಹಣಕರ್, ರಾವ್ ಮೊದಲಾದವರು ಪಿಡಿಡಬ್ಲ್ಯು 233 ಮತ್ತು ಭಾಲೇಗಾಂವ್ 4 ಅನ್ನೋ ಡ್ಯೂರಮ್ ಗೋಧಿಗಳನ್ನು ಕೂಡಿಸಿ, ಶಾವಿಗೆಗೆ ಹಳದಿ ಬಣ್ಣ ಕೊಡುವ ಮುಖ್ಯ ಜಾಗ 7ಎ ಕ್ರೋಮೋಸೋಮಿನಲ್ಲಿದೆ ಅಂತ ತೋರಿಸಿದರು. ಆ ಕಾಲದ ಗುರುತುಕಲ್ಲುಗಳಿಂದ ತಿಳಿಯುತ್ತಿದ್ದದ್ದು ಜಿಲ್ಲೆ, ತಾಲ್ಲೂಕಿನವರೆಗೆ. ಸರ್ವೆ ನಂಬರು, ಹಿಸ್ಸಾ ನಂಬರು ಬೇಕಾದರೆ ಪೂರ್ತಿ ಓದಿದ ಜೀನೋಮ್ ಬೇಕು. ಇದೇ ಪುಣೆಯಲ್ಲಿ ಸಿ-ಡ್ಯಾಕ್ ಇದೆ, 1991ರಲ್ಲಿ ಪರಮ್ 8000 ಮಾಡಿದವರು. ಕೋಟಿಗಟ್ಟಲೆ ಚೀಟಿ ಜೋಡಿಸುವ ಗಣಕ, ಕಾಳು ಬೆಳೆಯುವ ಹೊಲ, ಮೂರು ಸಾವಿರ ವರ್ಷ ಹಳೆಯ ಕಾಳು ಅಗೆದ ಕಾಲೇಜು, ಮೂರೂ ಒಂದೇ ಊರಿನ ಆಸುಪಾಸು.

ಹಾಗಾದರೆ ಪಣಕ್ಕಿರೋದು ಏನು? ಮೊದಲನೆಯದು, ಮಾರುಕಟ್ಟೆ. ದುಬಾರಿ ಹಿಟ್ಟು ಅಂದಮೇಲೆ ಬೆರಕೆ ಸಹಜ. ಚಪಾತಿ ಗೋಧಿ ಬೆರೆಸಿದರೆ ಹಿಡಿಯೋದು ಸುಲಭ, ಡಿ ಗಂಟು ಕಂಡರೆ ಸಾಕು, ಜವೆಯಲ್ಲಿ ಅದಿಲ್ಲ. ಡ್ಯೂರಮ್ ಬೆರೆಸಿದರೆ? ಎರಡೂ ಎ-ಬಿ. 5ಎ ಮೇಲಿನ ಕ್ಯೂ ಜೀನು ಹೊಟ್ಟಿನ ಗೋಧಿಯನ್ನೂ ಬರಿಮೈ ಗೋಧಿಯನ್ನೂ ಬೇರೆ ಮಾಡತ್ತೆ, ಅದರಿಂದ ಒಂದು ಮಟ್ಟಕ್ಕೆ ಹೇಳಬಹುದು. ಆದರೆ ಗಿಡ್ಡ ತಳಿ ಮಾಡುವಾಗ ಜವೆಗೆ ಡ್ಯೂರಮ್ಮಿನ ರಕ್ತ ಸೇರಿಸಿದ್ದಿದೆ, ಆಗ ಗೆರೆ ಎಲ್ಲಿ ಎಳೀತೀರಿ? ಹಾಗೇ ಇನ್ನೊಂದು, ಪೊಟ್ಟಣದ ಮೇಲೆ ‘ಗ್ಲುಟೆನ್ ಇಲ್ಲ’ ಅಂತ ಕಂಡರೆ ನಂಬಬೇಡಿ. ಜವೆ ಗೋಧಿಯೇ, ಗ್ಲುಟೆನ್ ಇದೆ. ಸೀಲಿಯಾಕ್ ಕಾಯಿಲೆ ಇರೋರು ತಿನ್ನಲೇಬಾರದು.

ಎರಡನೆಯದು ಹೊಲದ್ದು. ಎಸ್‌ಆರ್13ನ್ನು ಮೀರುವ ತುಕ್ಕಿನ ಕುಲ ಇಥಿಯೋಪಿಯಾದಲ್ಲಿ ಆಗಲೇ ಇದೆ. ಅಮೆರಿಕದ ಡಬ್ಬಿಯಲ್ಲಿರೋ ಸಿಐ 4013 ಒಂದೇ ಖಪಲಿ. ನಮ್ಮ ಹಳ್ಳಿಗಳ ಬೀಜದ ಗಡಿಗೆಗಳಲ್ಲಿ ಇದ್ದದ್ದು ನೂರಾರು. ಅವುಗಳಲ್ಲಿ ಯಾವ ಯಾವ ಪಾಠಾಂತರ ಇವೆ, ಜೀನುಗಳ ಸಾಲಿನಲ್ಲಿ ಪಕ್ಕಕ್ಕೆ ಇನ್ಯಾರು ಕೂತಿದ್ದಾರೆ, ಇಸ್ರೇಲಿನ ಜವಿತನ್ ಅಥವಾ ಇಟಲಿಯ ಸ್ವೇವೊ ಪ್ರತಿಯ ಜೊತೆ ಹೋಲಿಸಿ ನೋಡಿದರೆ ಕಾಣೋದಿಲ್ಲ. ಆ ಪ್ರತಿಯಲ್ಲಿ ಇಲ್ಲದ ಸಾಲು ನಮ್ಮ ಕಾಳಿನಲ್ಲಿದ್ದರೆ, ಹೋಲಿಕೆಯಲ್ಲಿ ಅದು ಜಾರಿಹೋಗತ್ತೆ. ನಮ್ಮದನ್ನು ನಮ್ಮದಾಗಿಯೇ, ಮೊದಲಿಂದ, ಉದ್ದಕ್ಕೆ ಓದಬೇಕು. ಗಡಿಗೆ ಖಾಲಿ ಆಗೋ ಮುಂಚೆ.

ಮೂರನೆಯದು ಹಕ್ಕಿನದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತನ್ನ ತಳಿಯನ್ನು ತನ್ನ ಹೆಸರಲ್ಲಿ ನೋಂದಾಯಿಸಬಹುದು. ಅದು ಬೀಜದ ಕಾಲದ ಕಾನೂನು. ಈಗ ಬೀಜ ಗಡಿ ದಾಟಬೇಕಾಗಿಲ್ಲ, ಓದಿದ ಅಕ್ಷರ ಜಾಲದಲ್ಲಿ ಇಟ್ಟರೆ ಲೋಕದ ಯಾವ ಮೂಲೆಯಲ್ಲೂ ಆ ಜೀನನ್ನು ಬಳಸಬಹುದು. ಈ ಅಕ್ಷರಗಳಿಂದ ಲಾಭ ಮಾಡುವ ಕಂಪನಿಗಳು ಪಾಲು ಕೊಡಲಿ ಅಂತ 2025ರ ಫೆಬ್ರವರಿಯಲ್ಲಿ ಕಾಲಿ ನಿಧಿ ಅಂತ ಶುರುವಾಗಿದೆ. ಪಾಲು ಕೊಡೋದು ಸರಿ, ಕೊಡೋದು ಯಾರಿಗೆ? ಖಪಲಿ ಅನ್ನೋ ಹೆಸರಲ್ಲಿ ಊರಿಲ್ಲ ಅಂದೆನಲ್ಲ, ಅದಕ್ಕೇ. ಈಗ ಜವೆಯ ಬೀಜ ಸಂಗ್ರಹಕ್ಕೆ ಹೋಗೋ ಹುಡುಗ ಹುಡುಗಿಯರು ಎಲೆ ಕಿತ್ತು ಸಾರಜನಕಕ್ಕೆ ಹಾಕುವ ಮೊದಲು, ಆ ಗಡಿಗೆ ಯಾರ ಮನೆಯದು, ಅವರು ಅದಕ್ಕೆ ಏನಂತ ಕರೀತಾರೆ, ಬೀಜ ಯಾವ ತವರಿಂದ ಬಂತು, ಇಷ್ಟು ಬರೆದುಕೊಂಡು ಬರಲಿ.

ಮುಂದಿನ ಮಾತು ಮೆಹ್ತಾ ಅವರ ಬೆಟ್ಟ ಸುತ್ತಾಟದ ಬಗ್ಗೆ, ಅದು ಒಂದು ಪತ್ತೇದಾರಿ ಕಥೆಯೇ. ಅಲ್ಲಿ ಸಿಗೋಣ.